ಓದೋಕೆ ಯಾರು ಸಂಬಳ ಕೊಡ್ತಾರೆ

ಅಣ್ಣ ನರಸಿಂಹಯ್ಯ ಬೆಂಗಳೂರಿಂದ ಬಂದಾಗಿಂದ ಮುನಿಸ್ವಾಮಿ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮುನಿಸ್ವಾಮಿ ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯೋಕೆ ನಿಂತವನು. ಆದರೂ ಒಂದು ಮಾತು ಅವನಿಗೆ ಚೆನ್ನಾಗಿ ಗೊತ್ತಿತ್ತು: ಓದೋಕೆ ಫೀಸು ಕಟ್ಟಬೇಕು, ಓದಪ್ಪಾ ಅಂತ ತಿಂಗಳು ತಿಂಗಳು ಕೈಗೆ ದುಡ್ಡು ಯಾರೂ ಇಡಲ್ಲ.

ಅಣ್ಣನಿಗೆ ಇಡ್ತಾರಂತೆ. ಪಿಎಚ್.ಡಿ. ಮಾಡೋಕೆ ಫೆಲೋಶಿಪ್ಪಂತೆ. ಹಳ್ಳಿಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಆ ಮನೆಗೆ ಎಷ್ಟು ಖರ್ಚು, ಅದಕ್ಕೆ ಏನು ಮಾರ್ತಾರೆ ಅಂತ ಮನೆಮನೆಗೆ ಹೋಗಿ ಕೇಳಬೇಕಂತೆ. ಕೇಳೋಕೆ ಹೊರಟವನು ಮೊದಲಿಗೇ ಕೇಳಿದ್ದು, ಗಂಡಸರೆಷ್ಟು, ಮಕ್ಕಳೆಷ್ಟು.

ಅದು ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿ ಕಾಲ. ಗಂಡಸರನ್ನ ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸೋ ಜೀಪು ಅನುಗೊಂಡನಹಳ್ಳಿ ಕಡೆಗೂ ಬರುತ್ತೆ ಅಂತ ಸುದ್ದಿ. ಊರಿನ ಬಾಗಿಲೆಲ್ಲ ಮುಚ್ಚಿಕೊಂಡವು. ಹಿಂದಿನ ಮನೆ ಆವಲಪ್ಪ ಮುಖಕ್ಕೇ ಹೇಳಿದ, "ನಿಮ್ಮಣ್ಣ ತಲೆ ಎಣಿಸ್ಕೊಂಡು ಹೋಗೋಕೆ ಬಂದವ್ನೆ ಕಣ್ಲಾ. ಓದೋಕೆ ಯಾರು ಸಂಬಳ ಕೊಡ್ತಾರೆ?"

ಮುನಿಸ್ವಾಮಿಗೆ ಮೈಯೆಲ್ಲ ಉರಿಯಿತು. ಅಣ್ಣ ಓದು ಓದು ಅಂತ ಮದುವೆ ಮುಂದಕ್ಕೆ ಹಾಕಿದ್ದಕ್ಕೆ ತಮ್ಮನ ಮದುವೆಯೇ ಮೊದಲಾಗಿತ್ತು. ಇನ್ನೂ ಒಂದು ಮಗು ಕಂಡಿಲ್ಲ. ಒಡಹುಟ್ಟಿದವನೇ ಹಿಡಿದು ಕೊಡ್ತಾನಾ?

ಮಾರನೇ ದಿನ ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೇ ಬಂದ ನರಸಿಂಹಯ್ಯ.

"ಮುನಿಯಾ, ಯಾರೂ ಬಾಯಿ ಬಿಡ್ತಿಲ್ಲ ಕಣೋ. ಹಿಂಗಾದ್ರೆ ಫೆಲೋಶಿಪ್ಪು ನಿಂತೋಗುತ್ತೆ. ನೀನಾದ್ರೂ ಒಂದು ಮಾತು ಹೇಳು."

"ಏನಂತ ಹೇಳ್ಲಿ? ನಮ್ಮಣ್ಣ ಬಂದವ್ನೆ, ಪಂಚೆ ಬಿಚ್ಕೊಂಡು ಸಾಲಾಗಿ ನಿಂತ್ಕೊಳ್ಳಿ ಅಂತಲಾ?"

"ನಾನು ಅವರ ಕಡೆಯೋನಲ್ಲ ಅಂತ ಎಷ್ಟು ಸಲ ಹೇಳ್ಬೇಕು?"

"ಹಂಗಾದ್ರೆ ದುಡ್ಡು ಯಾಕೆ ಕೊಡ್ತಾರೆ?"

"ನಮ್ಮೋರ ಕಾಯಿಲೆ ಖರ್ಚು ಏನು ಅಂತ ಪಟ್ಟಣದಲ್ಲಿ ಯಾರಿಗೂ ಗೊತ್ತಿಲ್ಲ. ತಿಳ್ಕೊಂಡು ಬರೀಲಿ ಅಂತ."

ಮುನಿಸ್ವಾಮಿ ತುಪುಕ್ಕನೆ ಉಗಿದ. ಅಷ್ಟರಲ್ಲಿ ರಸ್ತೆ ತಿರುವಿನಲ್ಲಿ ಜೀಪಿನ ಸದ್ದು. ಯಾರೋ ಕೂಗಿದರು. ಮುನಿಸ್ವಾಮಿ ಕುಡುಗೋಲು ಬಿಸಾಕಿ ಓಡಿದ. ಅಣ್ಣ ಈಗ ರಸ್ತೆಗೆ ಹೋಗ್ತಾನೆ, ಅವರಿಗೆ ಕೈ ಬೀಸ್ತಾನೆ, ಇಲ್ಲೇ ಅವ್ನೆ ಬನ್ನಿ ಅಂತ ತೋರಿಸ್ತಾನೆ, ಅಂದುಕೊಳ್ಳುತ್ತಲೇ ದಟ್ಟ ಸೊಪ್ಪಿನ ನಡುವೆ ಬೋರಲು ಬಿದ್ದ.

ಮೇಲೆ ಇನ್ನೊಬ್ಬ ಬಂದು ಬಿದ್ದ. ಒಂದೇ ಚಪ್ಪಲಿ, ಸೊಟ್ಟಗಾದ ಕನ್ನಡಕ. ನರಸಿಂಹಯ್ಯ.

"ನೀನ್ಯಾಕಣ್ಣಾ ಓಡ್ದೆ?"

"ನಂಗಿನ್ನೂ ಮದುವೇನೇ ಆಗಿಲ್ವಲ್ಲೋ. ತಲೆ ತಗ್ಗಿಸು."

ಮುನಿಸ್ವಾಮಿ ತಗ್ಗಿಸಿದ. ಅಣ್ಣನ ಎದೆ ಇವನ ಬೆನ್ನ ಮೇಲೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರ ಕಡೆಯವನಿಗೆ ಇಷ್ಟು ಹೆದರಿಕೆ ಇರಲ್ಲ.

ಜೀಪು ನಿಂತಿತು. ಕರೆಂಟು ಆಫೀಸಿನ ಇಬ್ಬರು ಇಳಿದು, ಕಂಬ ಹಿಡಿದು ಅಲ್ಲಾಡಿಸಿ, ಬೀಡಿ ಹಚ್ಚಿಕೊಂಡು ಹೊರಟುಹೋದರು.

ಪಕ್ಕದ ಸಾಲಿನಿಂದ ಆವಲಪ್ಪನ ತಲೆ ಎದ್ದಿತು. ಮಣ್ಣು ಮೆತ್ತಿಕೊಂಡ ನರಸಿಂಹಯ್ಯನನ್ನು ಮೇಲಿಂದ ಕೆಳಗೆ ನೋಡಿದ.

"ಏನಪ್ಪಾ ಸಂಬಳದೋನೇ, ನೀನೂನಾ?"

ಮೂವರೂ ನಕ್ಕರು. ಮುನಿಸ್ವಾಮಿಗಂತೂ ಹೊಟ್ಟೆ ಹಿಡಿದುಕೊಂಡರೂ ನಗು ನಿಲ್ಲಲಿಲ್ಲ.

"ನಮ್ಮ ಹೆಂಗಸಿಗೆ ವಿಷಮಜ್ವರ ಬಂದಾಗ ಹಾಲು ಕರೆಯೋ ಹಸೂನೇ ಮಾರಿದೆ," ಅಂದ ಆವಲಪ್ಪ, ಪಂಚೆ ಕೊಡವುತ್ತಾ. "ಅದನ್ನೂ ಬರ್ಕೊತೀಯಾ?"

"ಅದನ್ನೇ ಬರ್ಕೊಳ್ಳೋದು."

"ಹಂಗಾದ್ರೆ ಕೂತ್ಕೋ, ಹೇಳ್ತೀನಿ."

ಮುನಿಸ್ವಾಮಿ ಅಣ್ಣನ ಇನ್ನೊಂದು ಚಪ್ಪಲಿ ಹುಡುಕೋಕೆ ಎದ್ದ.