ನಕ್ಷೆಯಲ್ಲಿ ಇಲ್ಲದ ಮರ

"ಇನ್ನು ಪಾಸ್‌ಓವರ್ ಕೊಡುವುದಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಕೊಟ್ಟಾಯಿತು" ಎಂದು ಜಡ್ಜ್ ಮೇಡಂ ಹಿಂದಿಯಲ್ಲಿ ಹೇಳಿದರು. "ನೀವೇ ವಾದ ಮಾಡಿ. ಇಲ್ಲವಾದರೆ ಮೂರು ವಾರ ಬಿಟ್ಟು ಬನ್ನಿ."

ದೆಹಲಿಯ ದ್ವಾರಕಾ ಕೋರ್ಟಿನ ಆ ಹಾಲಿನಲ್ಲಿ ಕೊನೆಯ ಬೆಂಚಿಗೆ ಒರಗಿ ಕೂತಿದ್ದ ಮರಿಯಪ್ಪ ಬೆರಳು ಮಡಿಸಿ ದಿನ ಎಣಿಸಿದ. ಮಗ ಕಿಶನ್ ಜೈಲು ಸೇರಿ ನಲವತ್ತೊಂದು ದಿನ. ಹೋದ ವಾರ ನೋಡಲು ಹೋದಾಗ ಹುಡುಗ ಗಾಜಿನಾಚೆ ಸುಮ್ಮನೆ ಕೂತಿದ್ದ. ಅಪ್ಪ ಕೇಳಿದ್ದಕ್ಕೆಲ್ಲ ಒಂದು ಮಾತೂ ಆಡದೆ ಎದ್ದು ಹೋಗಿದ್ದ. ಇನ್ನೂ ಮೂರು ವಾರ ಕಳೆದರೆ ಆ ಗಾಜಿನಾಚೆ ಎಂಥ ಕಿಶನ್ ಬಂದು ಕೂರುತ್ತಾನೋ, ಮರಿಯಪ್ಪನಿಗೆ ಗೊತ್ತಿರಲಿಲ್ಲ.

ಅವನು ನಂಬಿದ್ದು ಸೀನಿಯರ್ ವಕೀಲ ದಕ್ಷಿಣಾಮೂರ್ತಿಯವರನ್ನು. ಅವರು ಹೈಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಂದವಳು ಅವರ ಜೂನಿಯರ್ ಧಾರಿಣಿ. ಕೋಟು ಹಾಕಿ ಎರಡು ವರ್ಷವಾಗಿತ್ತೋ ಇಲ್ಲವೋ. ಬೆಳಿಗ್ಗೆ ಗೇಟಿನಲ್ಲೇ ಮರಿಯಪ್ಪ ಅವಳ ಮೇಲೆ ಹರಿಹಾಯ್ದಿದ್ದ.

"ಏನಮ್ಮಾ, ನಿಮ್ ಸಾಹೇಬ್ರೆಲ್ಲಿ? ನನ್ನ ಮಗನ ಬೇಲ್‌ಗೆ ನಿನ್ನ ಕಳ್ಸಿದಾರಾ?"

"ಬರ್ತಾರೆ ಅಂಕಲ್. ಸರ್ ಬರೋವರೆಗೂ ಕೇಸು ಪಕ್ಕಕ್ಕಿಡಿ ಅಂತ ನಾನು ಪಾಸ್‌ಓವರ್ ಕೇಳ್ತೀನಿ."

"ಕೇಳು, ಕೇಳು. ಅದೊಂದೇ ತಾನೆ ನಿಂಗೆ ಬರೋದು!"

ಅವಳು ಮೂರು ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಎಲ್ಲಿ ತಪ್ಪಿಸಿಕೊಂಡು ಹೋಗುತ್ತಾಳೋ ಎಂದು ಮರಿಯಪ್ಪನೂ ಏದುಸಿರು ಬಿಡುತ್ತ ಹಿಂದೆಯೇ ಹೋದ. ಎರಡನೇ ಮಹಡಿಯಲ್ಲಿ ಅಣ್ಣತಮ್ಮಂದಿರ ನಡುವೆ ಗೋಡೆಯ ವ್ಯಾಜ್ಯ. ಅಲ್ಲಿ ಅವಳು ಗಟ್ಟಿ ಗಂಟಲಲ್ಲಿ ಜಗಳಕ್ಕೆ ನಿಂತು ಗೋಡೆ ಒಡೆಯದಂತೆ ತಡೆ ಮುಂದುವರಿಸಿಕೊಂಡಳು. ನಾಲ್ಕನೇ ಮಹಡಿಯ ಫ್ಯಾಮಿಲಿ ಕೋರ್ಟಿನಲ್ಲಿ, ಹೆಂಡತಿಯಿಂದ ಬೇರೆಯಾದ ಒಬ್ಬ ತಂದೆಗೆ ಮಗಳ ಹುಟ್ಟುಹಬ್ಬದ ದಿನ ಎರಡು ಗಂಟೆ ಅವಳೊಂದಿಗಿರಲು ಅನುಮತಿ ಕೇಳಿದಳು. ಅಲ್ಲಿ ಅವಳ ದನಿ ಆಸ್ಪತ್ರೆಯಲ್ಲಿ ಮಾತಾಡುವವರ ಹಾಗಿತ್ತು. ಬಾಗಿಲಲ್ಲಿ ನಿಂತ ಮರಿಯಪ್ಪನಿಗೆ ಸಿಟ್ಟೇ ಬಂತು. ಇವಳು ಗೋಡೆಯವರ ಪರವೋ, ಮಗುವಿನವರ ಪರವೋ, ನನ್ನ ಪರವೋ?

ಈಗ ಜಡ್ಜ್ ಮೇಡಂ ಮುಂದೆ ನಿಂತ ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಸೀನಿಯರ್ ಇಲ್ಲ. ಮರಿಯಪ್ಪ ಧಡಕ್ಕನೆ ಎದ್ದು ನಿಂತ.

"ಬೈಠ್ ಜಾವೋ, ಅಂಕಲ್" ಎಂದು ಕೋರ್ಟಿನ ಜವಾನ ಗದರಿದ.

"ವಾದ ಮಾಡ್ತೀನಿ, ಮೇಡಂ" ಎಂದಳು ಧಾರಿಣಿ. ಅದೂ ಅರ್ಧ ಗಂಟಲಲ್ಲೇ ಉಳಿಯಿತು.

"ಜೋರಾಗಿ" ಎಂದರು ಜಡ್ಜ್ ಮೇಡಂ.

ಮರಿಯಪ್ಪನ ಮನೆಯಿದ್ದ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಗಾಡಿ ನಿಲ್ಲಿಸುವ ಜಗಳ. ಯಾರೋ ರಾಡಿನಿಂದ ಒಬ್ಬನ ತಲೆಗೆ ಹೊಡೆದಿದ್ದರು. ಪೊಲೀಸರು ಕಿಶನ್ ಮೇಲೆ ಕೊಲೆ ಯತ್ನದ ಕೇಸು ಹಾಕಿದ್ದರು. ತನಿಖೆ ಮುಗಿದಿದೆ, ಗಾಯ ಪ್ರಾಣಕ್ಕೆ ಅಪಾಯವಾಗುವಂಥದ್ದಲ್ಲ ಎಂದು ಡಾಕ್ಟರೇ ಬರೆದಿದ್ದಾರೆ, ಹುಡುಗನ ಮೇಲೆ ಹಿಂದೆ ಒಂದು ಕೇಸೂ ಇಲ್ಲ ಎಂದು ಅವಳು ಹೇಳಿದಳು. ಸರ್ಕಾರಿ ವಕೀಲರು ಕೂತಲ್ಲಿಂದಲೇ ಅಂದರು: "ಮೂರನೇ ಮಹಡಿಯ ಬಾಲ್ಕನಿಯಿಂದ ಸಾಕ್ಷಿ ಇವನ ಮುಖವನ್ನೇ ನೋಡಿದ್ದಾನೆ."

"ನಾನು ಆ ಗೇಟಿಗೆ ಹೋಗಿದ್ದೆ, ಮೇಡಂ" ಎಂದಳು ಧಾರಿಣಿ. "ಎರಡು ಸಲ. ಒಮ್ಮೆ ಹಗಲಲ್ಲಿ, ಒಮ್ಮೆ ಜಗಳವಾದ ಹೊತ್ತಿಗೇ, ಸಂಜೆ ಏಳೂವರೆಗೆ. ಗೇಟಿನಲ್ಲಿ ನಿಂತು ಮೇಲೆ ನೋಡಿದರೆ ಆ ಬಾಲ್ಕನಿ ಕಾಣುವುದಿಲ್ಲ. ನಡುವೆ ಬೇವಿನ ಮರ. ಬೀದಿದೀಪವೂ ಅದರ ಎಲೆಗಳೊಳಗೇ ಹುದುಗಿದೆ. ಪೊಲೀಸರ ನಕ್ಷೆಯಲ್ಲಿ ಗೇಟಿದೆ, ಕಂಬವಿದೆ, ಕಸದ ಡಬ್ಬಿಯೂ ಇದೆ. ಮರವಿಲ್ಲ." ಫೋಟೋಗಳನ್ನು ಮುಂದಿಟ್ಟಳು. ಫೈಲಿನ ಕಡೆ ಒಂದು ಸಲವೂ ನೋಡಿರಲಿಲ್ಲ.

ಜಡ್ಜ್ ಮೇಡಂ ತನಿಖಾಧಿಕಾರಿಯ ಕಡೆ ತಿರುಗಿ ಮರವಿದೆಯೇ ಎಂದು ಕೇಳಿದರು. "ಪೇಡ್ ಹೈ?"

ಅವನು ಹಾಳೆ ತಿರುವಿದ. "ನಕ್ಷೆಯಲ್ಲಿ ಇಲ್ಲ, ಜನಾಬ್."

"ನಕ್ಷೆ ಬಿಡಿ. ಜಾಗದಲ್ಲಿ?"

"ಜೀ... ಪೇಡ್ ತೋ ಹೈ."

"ಎಷ್ಟು ದೊಡ್ಡದು?"

ಅವನು ಬೆವರು ಒರೆಸಿಕೊಂಡ. "ಬಡಾ ಹೈ, ಜನಾಬ್."

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರಿಯಪ್ಪ ನಗಲಿಲ್ಲ. ಆ ಮರದ ಬುಡದಲ್ಲಿ ಹನ್ನೊಂದು ವರ್ಷ ಸ್ಕೂಟರ್ ನಿಲ್ಲಿಸಿದವನು ಅವನು. ಆ ನೆರಳಿಗಾಗಿ ಅಕ್ಕಪಕ್ಕದವರ ಜೊತೆ ಕೂಗಾಡಿದವನು. ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಈ ಹುಡುಗಿ ಹೌಜ್ ಖಾಸ್‌ನ ಆಫೀಸಿನಿಂದ ಮೆಟ್ರೋ ಹಿಡಿದು ಎರಡು ಸಲ ಬಂದು, ಅವನ ಮನೆಯ ಕೆಳಗೇ ನಿಂತು ನೋಡಿ, ಮೇಲೆ ಬಂದು ಒಂದು ಲೋಟ ನೀರೂ ಕುಡಿಯದೆ ಹೋಗಿದ್ದಳು. ಅಲ್ಲಿ ನಿಂತಿದ್ದವಳು ಬೆಳಿಗ್ಗೆ ತಾನು ಬೈದವಳೇ ಎಂದು ನಂಬಲಾರದೆ ಮರಿಯಪ್ಪ ಅವಳ ಬೆನ್ನನ್ನೇ ನೋಡುತ್ತ ಕೂತ.

ಜಾಮೀನು ಮಂಜೂರಾಯಿತು.

ಹೊರಗೆ ಕಾರಿಡಾರಿನ ಗೋಡೆಗೆ ಧಾರಿಣಿ ಒರಗಿ ನಿಂತಿದ್ದಳು. ಕೈಯಲ್ಲಿ ಪೆನ್ನು, ಡೈರಿ. ತೆರೆದ ಹಾಳೆ ಖಾಲಿಯಿತ್ತು.

"ಅಂಕಲ್, ಒಂದು ವಿಷಯ" ಎಂದಳು ಮೆಲ್ಲಗೆ. "ಯಾರಿಗೂ ಹೇಳ್ಬೇಡಿ. ಸರ್ ಫೋನ್ ಮಾಡಿದ್ರು. ಏನೇನು ವಾದ ಮಾಡ್ದೆ, ಎಲ್ಲಾ ಬರೆದು ಕಳ್ಸು ಅಂದ್ರು. ನಂಗೆ ಒಂದಕ್ಷರಾನೂ ನೆನಪಾಗ್ತಿಲ್ಲ. ಒಳಗೆ ಏನು ಹೇಳ್ದೆ ನಾನು?"

ಮರಿಯಪ್ಪ ಅವಳ ಮುಖವನ್ನೇ ನೋಡಿದ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಅವನು ಮನೆಯೊಳಗೆ ಮಾತಾಡಿದರೆ ನಾಲ್ಕು ಮನೆಗೆ ಕೇಳುತ್ತಿತ್ತು. ಈಗ ಗಂಟಲು ಸರಿಮಾಡಿಕೊಂಡು, ಶರಟಿನ ಮೇಲಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತ.

"ಮೊದ್ಲು ನೀವು, ತನಿಖೆ ಮುಗಿದಿದೆ ಅಂದ್ರಿ" ಎಂದ, ಅವಳಿಗಷ್ಟೇ ಕೇಳುವಂತೆ.

ಅವಳು ಬರೆದುಕೊಂಡಳು. ಅವಳ ಪೆನ್ನು ನಿಂತ ಮೇಲಷ್ಟೇ, ದನಿ ಇನ್ನೂ ತಗ್ಗಿಸಿ, ಮರಿಯಪ್ಪ ಮುಂದಿನ ಮಾತು ಹೇಳಿದ.