ಒಗೆದ ಮೂರು ಗೆರೆ

ನನ್ನ ಮೇಜಿಗೆ ಜನ ಬರುವುದು ಕೊಳ್ಳುವುದಕ್ಕಲ್ಲ, ತೀರ್ಪು ಕೇಳುವುದಕ್ಕೆ. ಒಹಾಯೋದ ಈ ಮಿಲಿಟರಿ ಸಾಮಾನಿನ ಸಂತೆಯಲ್ಲಿ ಮೂವತ್ತು ವರ್ಷದಿಂದ ಸೈನಿಕರ ಸಮವಸ್ತ್ರದ ಹಳೆಯ ದರ್ಜೆಪಟ್ಟಿಗಳ ವಯಸ್ಸು ಹೇಳುತ್ತಿದ್ದೇನೆ. ತೀರ್ಪನ್ನು ಸುತ್ತಲಿನವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು, ಅದು ಇಲ್ಲಿನ ಪದ್ಧತಿ. ನನಗೂ ಅದು ಇಷ್ಟ, ಸುಳ್ಳೇಕೆ ಹೇಳಲಿ.

ಆ ಶನಿವಾರ ಬೆಳಿಗ್ಗೆ ವರ್ನಾ ಎಂಬ ಎಪ್ಪತ್ತು ದಾಟಿದ ಹೆಂಗಸು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು, ಜೊತೆಗೆ ಅಣ್ಣ ಲಾಯ್ಡ್. ಡಬ್ಬಿಯಲ್ಲಿ ಸಾರ್ಜೆಂಟರು ತೋಳಿಗೆ ಹೊಲಿಸಿಕೊಳ್ಳುವ ಮೂರು ಗೆರೆಯ ಪಟ್ಟಿ ಇತ್ತು.

“ನಮ್ಮಪ್ಪಂದು, ಎರಡನೇ ಮಹಾಯುದ್ಧದಲ್ಲಿ ಹಾಕ್ಕೊಂಡಿದ್ದು. ನಾಳೆ ನಮ್ಮೂರ ಯೋಧರ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರೆ,” ಎಂದರು ವರ್ನಾ.

“ಇಟ್ರೆ ನಾನಂತೂ ಬರಲ್ಲ,” ಎಂದರು ಲಾಯ್ಡ್. “ಅಪ್ಪ ಸಾರ್ಜೆಂಟ್ ಆಗಿದ್ದ ಅನ್ನೋದಕ್ಕೆ ಒಂದು ಚೂರು ಕಾಗದ ಇಲ್ಲ. ಆಮೇಲೆ ಎಲ್ಲೋ ಕೊಂಡಿರ್ತಾನೆ. ಬುರುಡೆ ಬಿಡೋದ್ರಲ್ಲಿ ಜನರಲ್ ಅವನು.”

“ಸೈನ್ಯದ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಕಾಗದ ಸುಟ್ಟೋಯ್ತಲ್ಲಣ್ಣ.” ವರ್ನಾ ನನ್ನ ಕಡೆ ತಿರುಗಿದರು. “ನಮ್ಮಮ್ಮ ಪ್ರತಿ ವರ್ಷ, ಯೋಧರ ಸಮಾಧಿಗೆ ಬಾವುಟ ನೆಡೋ ದಿನ, ಇದನ್ನ...”

“ಕಥೆ ಆಮೇಲೆ ಹೇಳಿ ಅಮ್ಮಾ,” ಎಂದೆ. ಸಾಲು ಉದ್ದವಿತ್ತು, ನನಗೆ ತಾಳ್ಮೆ ಮೊದಲಿಂದಲೂ ಕಡಿಮೆ.

ಪಟ್ಟಿಯನ್ನು ಕಪ್ಪು ಬಟ್ಟೆಯಡಿ ಹಿಡಿದು ನೇರಳಾತೀತ ದೀಪ ಹಾಕಿದೆ. ಯುದ್ಧಕಾಲದ ಹತ್ತಿ ನೂಲು ಅದರಡಿ ಮಂಕಾಗಿರುತ್ತದೆ, ಆಮೇಲೆ ಬಂದ ಕೃತಕ ನೂಲು ಹೊಳೆಯುತ್ತದೆ. ಇದು ಫಳಫಳ ಹೊಳೆಯಿತು.

“ಯುದ್ಧದ ಕಾಲದ್ದಲ್ಲ, ಆಮೇಲಿಂದು,” ಎಂದೆ, ಗಟ್ಟಿಯಾಗಿಯೇ.

ಲಾಯ್ಡ್ ಗೆದ್ದವರಂತೆ ಕಾಣಲಿಲ್ಲ. ಹೊರನಡೆದರು. ವರ್ನಾ ಡಬ್ಬಿಯ ಮುಚ್ಚಳ ಹಾಕಿ ಹಿಂಬಾಲಿಸಿದರು.

ಅವರು ಹೋದ ಮೇಲೆ ನನ್ನ ಬೆರಳಿಂದ ಒಂದು ವಾಸನೆ ಬಿಡದೆ ಬಂತು. ಬಟ್ಟೆಸೋಪಿನದು ಎಂದು ಗೊಣಗಿದೆ.

ಪಕ್ಕದ ಮೇಜಿನಲ್ಲಿ ಹೆಲ್ಮೆಟ್ ಮಾರುವ ಆರ್ವಿಡ್ ಕೇಳಿದ, “ಏನಯ್ಯಾ, ಒಗೆದಿದ್ರಾ ಅಂತ ಕೇಳಿದ್ಯಾ?”

“ಇಂಥ ಹಳೇ ಪಟ್ಟೀನ ಯಾರಯ್ಯಾ ಒಗೀತಾರೆ?”

“ಹೆಂಡ್ತಿ.”

ಬಿಳುಪಿನ ಪುಡಿ ಬೆರೆಸಿದ ಸೋಪಿನಲ್ಲಿ ಒಗೆದರೆ ಹತ್ತಿಯೂ ಆ ದೀಪದಡಿ ಹೊಳೆಯುತ್ತದೆ. ಹೊಸಬರಿಗೆ ಇದನ್ನೇ ಹೇಳಿ ಬೈಯುವವನು ನಾನು. ಆತುರಗಾರನಿಗೆ ಬುದ್ಧಿ ಮಟ್ಟ. ಸಾಲಿನಲ್ಲಿದ್ದವರನ್ನು ಅಲ್ಲೇ ಬಿಟ್ಟು, ಕಾಲು ಸುಟ್ಟ ಬೆಕ್ಕಿನಂತೆ ಸಭಾಂಗಣವೆಲ್ಲ ಅಲೆದೆ. ಕಾಫಿ ಅಂಗಡಿಯಲ್ಲಿಲ್ಲ, ಬಾಗಿಲಲ್ಲಿಲ್ಲ. ಹೊರಗೆ ಕಾರುಗಳ ಸಾಲಿನ ನಡುವೆ ಓಡಿದೆ, ಈ ನೋಯುವ ಮಂಡಿ ಇಟ್ಟುಕೊಂಡು.

ವರ್ನಾ ಟ್ರಕ್ಕಿನೊಳಗೆ ಡಬ್ಬಿ ಹಿಡಿದು ಕೂತಿದ್ದರು. ಲಾಯ್ಡ್ ಹೊರಗೆ ಸಿಗರೇಟು ಸೇದುತ್ತಿದ್ದರು.

“ಒಂದೇ ಒಂದು ಎಳೆ ಕೊಡಿ,” ಎಂದೆ.

ಹಿಂಬದಿಯ ಸಡಿಲ ಎಳೆಯೊಂದನ್ನು ಕಿತ್ತು ಲಾಯ್ಡ್‌ರ ಲೈಟರಿಗೆ ಹಿಡಿದೆ. ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಸುಟ್ಟು ಬೂದಿಯಾಗಿ ಉದುರಿತು. ಪಟ್ಟಿಯನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ನೇಯ್ಗೆಯೂ ಯುದ್ಧಕಾಲದ್ದೇ, ಅಂಚಿನುದ್ದಕ್ಕೂ ತೋಳಿಗೆ ಹೊಲಿದಿದ್ದ ಸೂಜಿಯ ತೂತುಗಳು.

“ಹತ್ತಿ. ಯುದ್ಧಕಾಲದ್ದೇ. ನಿಮ್ಮಮ್ಮ ಇದನ್ನ ಒಗೀತಿದ್ರಾ?”

“ಅದನ್ನೇ ಹೇಳೋಕೆ ಬಂದೆ. ನೀವು ಬಿಡ್ಲಿಲ್ಲ,” ಎಂದರು ವರ್ನಾ.

ಲಾಯ್ಡ್ ಬೂದಿ ಬಿದ್ದ ಜಾಗವನ್ನೇ ನೋಡುತ್ತಿದ್ದರು. “ಅಮ್ಮ ಇಸ್ತ್ರಿ ಹಾಕೋವಾಗ ತುದಿ ನಾನೇ ಹಿಡ್ಕೋತಿದ್ದೆ,” ಎಂದರು.

ನಾಚಿಕೆಯಿಂದ ನನಗೆ ನಿಲ್ಲಲಾಗಲಿಲ್ಲ. ಕ್ಷಮಿಸಿ ಎಂದು ಮೆಲ್ಲಗೆ ಹೇಳಿ ತಿರುಗಿದೆ.

“ಸುಳ್ಳು ಅಂತ ಒಳಗೆ ಗಟ್ಟಿಯಾಗಿ ಹೇಳಿದ್ರಲ್ಲ,” ಎಂದರು ವರ್ನಾ. “ಇದನ್ನೂ ಅಲ್ಲೇ ಹೇಳಿ.”

ಅವರಿಬ್ಬರೊಡನೆ ಒಳಗೆ ಬಂದು ನನ್ನ ಮೇಜಿನ ಕುರ್ಚಿ ಹತ್ತಿ ನಿಂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ, “ನಾನು ತಪ್ಪು ಹೇಳ್ದೆ. ಇದು ಯುದ್ಧಕಾಲದ್ದೇ,” ಎಂದು ಕೂಗಿದೆ. ಆರ್ವಿಡ್ ಒಬ್ಬನೇ ಚಪ್ಪಾಳೆ ತಟ್ಟಿದ, ಹಾಳಾದವನು.

ಬಾಗಿಲ ಬಳಿ ಲಾಯ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ವರ್ನಾ, ನಾಳೆ ಎಷ್ಟು ಗಂಟೆಗೆ?” ಎಂದು ಕೇಳಿದರು.