ಟೆರೆನ್ಸ್ ಆರಿಸಿದ ರೇಡಿಯೊ

ನನ್ನ ಗಂಡ ಟೆರೆನ್ಸ್ ಅಂಗಡಿಗೆ ಹೋಗಿ ಸುಮ್ಮನೆ ಒಂದು ವಸ್ತು ಕೊಂಡು ಬರುವವರ ಪೈಕಿಯಲ್ಲ. ಮಿಕ್ಸಿ ಬೇಕೆಂದರೂ ಅಧ್ಯಯನ ಮಾಡುತ್ತಾನೆ.

ನಾವಿರುವುದು ಮರುಭೂಮಿಯ ತೈಲದ ಊರು ದುಖಾನ್‌ನಲ್ಲಿ, ಅವನ ಕಂಪೆನಿ ಕ್ವಾರ್ಟರ್ಸಿನಲ್ಲಿ. ನನ್ನ ಆಫೀಸು ದೋಹಾದಲ್ಲಿ, ಒಂದು ಗಂಟೆಯ ದಾರಿ. ಒಂದು ಸಂಜೆ ಒಬ್ಬಳೇ ಕಾರು ಓಡಿಸಿಕೊಂಡು ಬರುವಾಗ ತೂಕಡಿಸಿದೆ. ಕಣ್ಣು ಬಿಟ್ಟಾಗ ಕಾರು ಮರಳಿಗಿಳಿದು ಬೇಲಿಗೆ ಮೂತಿಯಿಟ್ಟು ನಿಂತಿತ್ತು. ಅಂದಿನಿಂದ ಆ ನೇರ ರಸ್ತೆ ಕಂಡರೇ ಹೆದರಿಕೆ. ಫೋನಿನ ಹಾಡು ನನಗೆ ಜೋಗುಳ. ಎಫ್‌ಎಂ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ನಿನಗೆ ರಜೆಯಿದ್ದ ದಿನವಾದರೂ ಜೊತೆಗೆ ಬಾ, ಮಾತಾಡುತ್ತಾ ಹೋಗೋಣ ಎಂದು ಟೆರೆನ್ಸನಲ್ಲಿ ಕೇಳಿದೆ.

ಅವನು ರೇಡಿಯೊ ಆರಿಸಲು ಕೂತ.

ಉಪಗ್ರಹದಿಂದ ದನಿ ಹಿಡಿಯುವ ಸ್ಯಾಟಲೈಟ್ ರೇಡಿಯೊ, ಅದೂ ಪೋರ್ಟಬಲ್. ನನ್ನ ಪುಟ್ಟ ಕಾರು, ಅವನ ಲ್ಯಾಂಡ್ ಕ್ರೂಸರ್, ಕಂಪೆನಿಯ ಪಿಕಪ್, ಮೂರಕ್ಕೂ ಕಿತ್ತು ಸಿಕ್ಕಿಸುವಂಥದ್ದು. ಅವನ ರಜೆಯೆಲ್ಲ ವೀಡಿಯೊ ನೋಡುವುದರಲ್ಲೇ ಹೋಯಿತು. ಮದುವೆಯ ಕೋಟು ಹೊಲಿಯುವ ದರ್ಜಿಯ ಹಾಗೆ ಟೇಪು ಹಿಡಿದು ಮೂರು ಡ್ಯಾಶ್‌ಬೋರ್ಡುಗಳನ್ನೂ ಅಳೆದ. ಅಂಥದ್ದನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ ಎಂದ ದೋಹಾದ ಅಂಗಡಿಯವನಿಗೆ ಮೂಗು ಮುರಿದ. ನಮ್ಮವರಲ್ಲಿ ಅಮೆರಿಕದ ನೆಂಟರು ಕಳಿಸಿದ್ದಾದರೆ ಸೋಪು ಕೂಡ ಶೋಕೇಸಿಗೆ ಹೋಗುತ್ತದೆ. ಶಿಕಾಗೋದ ಕಸಿನ್ ಟೋನಿಗೆ ಹೇಳಿ ತರಿಸಿದ.

ಮೂರು ವಾಹನಗಳಲ್ಲೂ ನೀಲಿ ದೀಪ ಹತ್ತಿತು, ಒಂದರಲ್ಲೂ ದನಿ ಹೊರಡಲಿಲ್ಲ. ನನ್ನ ಕಾರಿನ ವೈರಿಂಗನ್ನು ಬೈದ, ಧೂಳನ್ನು ಬೈದ. ಆಂಟೆನಾವನ್ನು ತಲೆಯ ಮೇಲೆ ಹಿಡಿದು ಬಿಸಿಲಲ್ಲಿ ನಿಂತ. ಅಕ್ಕಪಕ್ಕದವರು ಕಿಟಕಿಯಿಂದ ನೋಡುತ್ತಿದ್ದರು. ಕೊನೆಗೆ ಟೋನಿಗೆ ಫೋನ್ ಮಾಡಿದ.

"ಅದು ಅಮೆರಿಕದಲ್ಲಿ ಮಾತ್ರ ಕೇಳೂದು ಮಾರಾಯ," ಎಂದ ಟೋನಿ. "ಅಲ್ಲಿ ನಡೀತದಾ ಅಂತ ನೀನು ವಿಚಾರಿಸ್ಲಿಲ್ಲ, ನಾನು ಕಳಿಸಿದೆ."

ನಾಚಿಕೆಯಾದರೂ ಆಯಿತೇ? ಅದನ್ನು ಲ್ಯಾಂಡ್ ಕ್ರೂಸರಿನಲ್ಲೇ ಉಳಿಸಿಕೊಂಡ. ಹತ್ತಿದವರಿಗೆಲ್ಲ ಅದರ ಗುಣಗಾನ.

ಇಲ್ಲಿ ವಾರದ ರಜೆ ಶುಕ್ರವಾರ; ಕಳೆದ ಶುಕ್ರವಾರ ದೋಹಾದ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಲ್ಯಾಂಡ್ ಕ್ರೂಸರಿನ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಮಾತಿಗೆ ಜೊತೆಯಾಗಬೇಕಾದವನು ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎದುರಿಗೆ ಆ ಮೂಕ ರೇಡಿಯೊ. ನನಗೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಭಾನುವಾರ ಒಬ್ಬಳೇ ಆಫೀಸಿಗೆ ಹೊರಟಾಗ ಅವನು ಅಳತೆ ತೆಗೆದ ಆ ಟೇಪನ್ನು ಬೇಕೆಂದೇ ನೆನೆಸಿಕೊಂಡೆ. ದೋಹಾ ಮುಟ್ಟುವವರೆಗೂ ಮೈ ಉರಿಯುತ್ತಿತ್ತು, ಕಣ್ಣು ಮುಚ್ಚಲಿಲ್ಲ.

ಸಂಜೆ ಅವನೇ ಕೇಳಿದ, ಈಗಲೂ ದಾರಿಯಲ್ಲಿ ನಿದ್ದೆ ಬರುತ್ತದಾ ಎಂದು.

"ಇಲ್ಲ," ಎಂದೆ. "ನಿನ್ನನ್ನು, ನಿನ್ನ ರೇಡಿಯೊವನ್ನು ನೆನೆಸಿದ್ರೆ ಸಿಟ್ಟು ಬರ್ತದೆ. ಆ ಸಿಟ್ಟಿಗೇ ಎಚ್ಚರ ಇರ್ತೇನೆ."

ಟೆರೆನ್ಸನ ಮುಖ ಅರಳಿತು.

"ಹಾಗಾದ್ರೆ ರೇಡಿಯೊ ವೇಸ್ಟ್ ಆಗ್ಲಿಲ್ಲ."

ಆ ಒಂದು ಮಾತು ಸಾಕು. ಇನ್ನೊಂದು ವರ್ಷ ನಾನು ಆ ದಾರಿಯಲ್ಲಿ ತೂಕಡಿಸುವುದಿಲ್ಲ.